ಬೇರೆಯಾಗುವ ಲೆಕ್ಕ: ದೋರಸಮುದ್ರದಿಂದ ಅರಸೀಕೆರೆ ಮಂಡಿಯವರೆಗೆ



ಅರಸೀಕೆರೆಯ ಈ ದತ್ತಿ ಉಪನ್ಯಾಸದ ಕರಾರಿನಲ್ಲಿ ಒಂದು ಮಾತಿದೆ. ಉಪನ್ಯಾಸ ಈ ಸೀಮೆಯ ಚರಿತ್ರೆಯನ್ನು ಮುಟ್ಟಬೇಕು, ಜೊತೆಗೆ ಇವತ್ತಿನ ಮಾತನ್ನೂ ಆಡಬೇಕು. ದತ್ತಿ ಇಟ್ಟ ಹಿರಿಯರು ಉಪನ್ಯಾಸಕರ ಜಾತಿಯನ್ನು ಚೆನ್ನಾಗಿ ಬಲ್ಲವರಿರಬೇಕು. ಬಿಟ್ಟರೆ ನಾವು ಹನ್ನೆರಡನೆಯ ಶತಮಾನದಲ್ಲಿ ಕೂತು ಏಳುವುದೇ ಇಲ್ಲ. ಎರಡು ಕಾಲಕ್ಕೂ ಸಲ್ಲುವ ಒಂದು ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ದೊಡ್ಡ ಕೂಟವೊಂದರ ಒಳಗಿರುವ ನಾಡು, ತನಗೆ ಅನ್ಯಾಯವಾಗುತ್ತಿದೆ ಎಂದು ಕಂಡಾಗ, ಅಲ್ಲೇ ಇದ್ದು ಜಗಳವಾಡಬೇಕೋ, ಎದ್ದು ಹೊರಗೆ ಬರಬೇಕೋ?

ಇದು ಪುಸ್ತಕದ ಪ್ರಶ್ನೆಯೇನಲ್ಲ. 2024ರ ಫೆಬ್ರುವರಿ 1ರಂದು ಕೇಂದ್ರದ ಮಧ್ಯಂತರ ಬಜೆಟ್ ಮಂಡನೆಯಾಯಿತು. ಆಗ ಬೆಂಗಳೂರು ಗ್ರಾಮಾಂತರದ ಸಂಸದರಾಗಿದ್ದ ಡಿ.ಕೆ. ಸುರೇಶ್ ಅವರು, ದಕ್ಷಿಣದ ರಾಜ್ಯಗಳಿಗೆ ಆಗುತ್ತಿರುವ ಅನ್ಯಾಯ ಸರಿಹೋಗದಿದ್ದರೆ ಪ್ರತ್ಯೇಕ ರಾಷ್ಟ್ರ ಕೇಳಬೇಕಾದ ಸ್ಥಿತಿ ಬರುತ್ತದೆ ಎಂಬರ್ಥದಲ್ಲಿ ಮಾತಾಡಿದರು. ಸಂಸತ್ತಿನಲ್ಲಿ ಗದ್ದಲವೆದ್ದಿತು. ಅವರ ಪಕ್ಷವೇ ಆ ಮಾತಿನಿಂದ ದೂರ ಸರಿಯಿತು. ದೇಶ ಒಡೆಯುವ ಮಾತನ್ನು ಯಾರಾಡಿದರೂ ಸಹಿಸುವುದಿಲ್ಲ ಎಂದು ಮಲ್ಲಿಕಾರ್ಜುನ ಖರ್ಗೆಯವರು ರಾಜ್ಯಸಭೆಯಲ್ಲಿ ಹೇಳಿದರು. 7ನೇ ತಾರೀಖು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಚಿವರು, ಶಾಸಕರ ಸಮೇತ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ಮನೆಮಾತಾಯಿತು. ಮಾರನೆಯ ದಿನ ಕೇರಳದವರೂ ಅಲ್ಲೇ ಬಂದು ಕೂತರು.

ಸಿಟ್ಟಿಗೆ ಕಾರಣವಿತ್ತು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಹದಿನಾಲ್ಕನೆಯ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟದ್ದು ಶೇ 4.713. ಹದಿನೈದನೆಯದು ಅದನ್ನು ಶೇ 3.647ಕ್ಕೆ ಇಳಿಸಿತು. ನೂರಕ್ಕೆ ಒಂದು ರೂಪಾಯಿ ಹೋಯಿತು ಎಂದರೆ ಏನೂ ಅನ್ನಿಸುವುದಿಲ್ಲ. ನಮ್ಮ ಕೈಗೆ ಬರುತ್ತಿದ್ದುದರಲ್ಲೇ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು ಎಂದಾಗ ಪೆಟ್ಟು ತಿಳಿಯುತ್ತದೆ. ಆ ಆಯೋಗದ ಹಂಚಿಕೆಯ ಸೂತ್ರದಲ್ಲಿ ನೂರಕ್ಕೆ 45ರಷ್ಟು ತೂಕ ತಲಾ ಆದಾಯದ ಅಂತರಕ್ಕಿತ್ತು. ರಾಜ್ಯದ ತಲಾ ಆದಾಯ ಏರಿದಷ್ಟೂ ಅದರ ಪಾಲು ಇಳಿಯುತ್ತದೆ. ನಮ್ಮ ತಲಾ ಆದಾಯ ಏರಿಸಿದ್ದು ಬೆಂಗಳೂರು. ಜನಸಂಖ್ಯೆಗೆ ಸಂಪೂರ್ಣವಾಗಿ 2011ರ ಲೆಕ್ಕ ಹಿಡಿದದ್ದೂ ಜನನ ಪ್ರಮಾಣ ತಗ್ಗಿಸಿದವರಿಗೆ ಪೆಟ್ಟಾಯಿತು. 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಕೊಡಿ ಎಂದು ಆಯೋಗವೇ ಶಿಫಾರಸು ಮಾಡಿತ್ತು, ಕೇಂದ್ರ ಒಪ್ಪಲಿಲ್ಲ. ಇದಲ್ಲದೆ ಸೆಸ್ಸು, ಸರ್‌ಚಾರ್ಜು ಎಂದು ಎತ್ತುವ ಹಣ ಹಂಚಿಕೆಯ ಬುಟ್ಟಿಗೇ ಬೀಳುವುದಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಐರೋಪ್ಯ ಒಕ್ಕೂಟದ ಒಪ್ಪಂದದಲ್ಲಿ ಐವತ್ತನೆಯ ವಿಧಿ ಎಂಬ ಬಾಗಿಲಿದೆ. ಬ್ರಿಟನ್ ಆ ಬಾಗಿಲಿನಿಂದಲೇ ಹೊರಗೆ ನಡೆದದ್ದು. ನಮ್ಮ ಸಂವಿಧಾನದಲ್ಲಿ ಅಂಥ ಬಾಗಿಲಿಲ್ಲ. 1962ರಲ್ಲಿ ಅಣ್ಣಾದುರೈ ರಾಜ್ಯಸಭೆಯಲ್ಲಿ ದ್ರಾವಿಡನಾಡು ಎಂಬ ಪ್ರತ್ಯೇಕ ರಾಷ್ಟ್ರದ ಪರವಾಗಿ ಮಾತಾಡಿದರು. 1963ರಲ್ಲಿ ಹದಿನಾರನೆಯ ತಿದ್ದುಪಡಿ ಬಂದು, ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆಯನ್ನು ಎತ್ತಿಹಿಡಿಯುವ ಪ್ರಮಾಣ ಮಾಡಲೇಬೇಕೆಂದಾಯಿತು. ಅಣ್ಣಾದುರೈ ಅವರ ಪಕ್ಷ ಡಿಎಂಕೆ ಆ ಬೇಡಿಕೆಯನ್ನು ಕೈಬಿಟ್ಟಿತು. ಹೀಗಾಗಿ ‘ಬೇರೆಯಾಗುತ್ತೇವೆ’ ಎನ್ನುವುದು ಇಲ್ಲಿ ಒಂದು ಬೆದರಿಕೆಯ ಮಾತು, ಚೌಕಾಸಿಯ ಮಾತು. ಚೌಕಾಸಿ ಮಾಡುವವನಿಗೂ ಸರಕಿನ ನಿಜವಾದ ಬೆಲೆ ಗೊತ್ತಿರಬೇಕು. ಅದಕ್ಕೇ ನಿಮ್ಮನ್ನು ಬೇಲೂರಿಗೆ ಕರೆದುಕೊಂಡು ಹೋಗುತ್ತೇನೆ.

ಬೇಲೂರಿನ ಗೈಡುಗಳು ಸಳ ಹುಲಿಯನ್ನು ಹೊಯ್ದ ಕಥೆ ಹೇಳುತ್ತಾರೆ, ಶಿಲಾಬಾಲಿಕೆಯರ ಬಳೆ ತೋರಿಸುತ್ತಾರೆ. 1117ರಲ್ಲಿ ಅಲ್ಲಿಯ ಗುಡಿಯಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಹೊಯ್ಸಳ ದೊರೆ ವಿಷ್ಣುವರ್ಧನ ಇನ್ನೊಬ್ಬರ ಸಾಮಂತನಾಗಿದ್ದ ಎಂಬ ಸಂಗತಿಗೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಹೊಯ್ಸಳರು ಕಲ್ಯಾಣದ ಚಾಲುಕ್ಯರ ಕೂಟದಲ್ಲಿದ್ದವರು. ವಿಷ್ಣುವರ್ಧನನ ತಂದೆ ಎರೆಯಂಗ ಚಾಲುಕ್ಯರ ಪರವಾಗಿ ಮಾಳವದ ಧಾರಾನಗರದವರೆಗೆ ಹೋಗಿ ಕಾದಿದ್ದ. ಚಾಲುಕ್ಯ ಚಕ್ರವರ್ತಿಯ ಬಲಗೈ ಎಂದು ಶಾಸನಗಳು ಅವನನ್ನು ಹೊಗಳುತ್ತವೆ.

ಆ ಕಾಲದ ಶಾಸನ ಓದುವ ಅಭ್ಯಾಸವಿರುವವರಿಗೆ ಯಾರು ಯಾರ ಕೆಳಗೆ ಎನ್ನುವುದು ಮೊದಲ ಸಾಲುಗಳಲ್ಲೇ ಕಾಣುತ್ತದೆ. ಸಾಮಂತನ ಊರಿನ ಕಲ್ಲಾದರೂ ಆರಂಭ ಚಕ್ರವರ್ತಿಯಿಂದ. ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂದು ಕಲ್ಯಾಣದ ದೊರೆಯ ಬಿರುದುಗಳೆಲ್ಲ ಮುಗಿದು, ಅವನ ರಾಜ್ಯ ಚಂದ್ರ ಸೂರ್ಯ ತಾರೆಗಳಿರುವ ತನಕ ನಡೆಯಲಿ ಎಂದು ಹರಸಿದ ಮೇಲೆ ‘ತತ್ಪಾದಪದ್ಮೋಪಜೀವಿ’ ಎಂದು ಬರುತ್ತದೆ. ಅವನ ಪಾದಕಮಲವನ್ನು ನೆಚ್ಚಿ ಬಾಳುವವನು ಎಂದರ್ಥ. ಸಾಮಂತನ ಹೆಸರು ಅದಾದ ಮೇಲೆ, ಬಿರುದು ಮಹಾಮಂಡಲೇಶ್ವರ. ವಿಷ್ಣುವರ್ಧನ ತನ್ನ ಹೆಸರಿಗೆ ಸೇರಿಸಿಕೊಂಡ ‘ತ್ರಿಭುವನಮಲ್ಲ’ ಕೂಡ ಅಂದಿನ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನದೇ ಬಿರುದು.

1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಈ ಒಕ್ಕಣೆ ಅವನಿಗೆ ಬಿಗಿಯಾಗಿರಬೇಕು. ವಿಕ್ರಮಾದಿತ್ಯನ ಪಡೆ ಹನ್ನೆರಡು ಸಾಮಂತರ ಸಮೇತ ಕಣ್ಣೆಗಾಲದಲ್ಲಿ ಬೀಡುಬಿಟ್ಟಿತ್ತು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ರಾತ್ರಿಯಲ್ಲಿ ಅದರ ಮೇಲೆ ಬಿದ್ದು ಚದುರಿಸಿದ. ಶ್ರವಣಬೆಳಗೊಳದ ಶಾಸನ ಈ ಕಥೆಯನ್ನು ಹುರುಪಿನಿಂದ ಹೇಳುತ್ತದೆ. ಗೆಲುವು ಉಳಿಯಲಿಲ್ಲ. ಯಲಬುರ್ಗಿಯ ಸಿಂದರ ಆಚುಗಿಯನ್ನು ಚಕ್ರವರ್ತಿ ಕಳಿಸಿದ. ಅವನು ಹೊಯ್ಸಳನನ್ನು ಹಿಮ್ಮೆಟ್ಟಿಸಿದ. ಅಂದರೆ ಕೂಟ ಬಿಡಹೊರಟವನನ್ನು ಎಳೆದು ತರಲು ಬಂದವನೂ ಕನ್ನಡ ನಾಡಿನ ಇನ್ನೊಬ್ಬ ಸಾಮಂತನೇ. ವಿಷ್ಣುವರ್ಧನ ಬದುಕಿರುವ ತನಕ ಚಕ್ರವರ್ತಿ ಎಂದು ಪಟ್ಟ ಕಟ್ಟಿಕೊಳ್ಳಲಿಲ್ಲ.

ಆದರೆ ಅವನು ಸುಮ್ಮನೆ ಕೂತವನೂ ಅಲ್ಲ. ಅವನ ಚಿನ್ನದ ನಾಣ್ಯಗಳನ್ನು ಮ್ಯೂಸಿಯಮ್ಮುಗಳಲ್ಲಿ ನೀವು ನೋಡಿರಬಹುದು. ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಕನ್ನಡ ಅಕ್ಷರದಲ್ಲಿ ‘ಶ್ರೀ ತಳಕಾಡುಗೊಂಡ’, ಮತ್ತೊಂದು ಬಗೆಯಲ್ಲಿ ‘ಶ್ರೀ ನೊಣಂಬವಾಡಿಗೊಂಡ’. ಕಲ್ಲಿನ ಮೇಲೆ ಪಾದಪದ್ಮೋಪಜೀವಿ, ಚಿನ್ನದ ಮೇಲೆ ತಾನೇ ದೊರೆ. ಒಳಗಿದ್ದುಕೊಂಡೇ ತನ್ನ ಟಂಕಸಾಲೆ, ತನ್ನ ಸುಂಕ, ತನ್ನ ದಂಡು ಇವನ್ನೆಲ್ಲ ಒಂದೊಂದಾಗಿ ಕೈಗೆ ತೆಗೆದುಕೊಂಡ. ಈ ಇಬ್ಬಗೆಯನ್ನು ಕೆಲವು ಚರಿತ್ರೆಕಾರರು ಅವನ ಸೋಲು ಎಂದು ಬರೆಯುತ್ತಾರೆ. ನನಗೆ ಅದು ಅವನ ಜಾಣತನವೆನ್ನಿಸುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ 1121ರ ಹೊತ್ತಿಗೆ ಶುರುವಾದದ್ದು, ಕೇತಮಲ್ಲನೆಂಬವನು ಅದನ್ನು ಮಾಡಿಸಿದ್ದು, ಎಲ್ಲವೂ ಈ ‘ಸಾಮಂತ’ ಕಾಲದಲ್ಲೇ. ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಆ ಎರಡು ಗುಡಿಗಳು ಸ್ವತಂತ್ರ ಸಾಮ್ರಾಜ್ಯದ ಆಡಳಿತದಲ್ಲಿ ಮೊದಲಾದವಲ್ಲ.

ಕೂಟ ಬಿಟ್ಟವನು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ. ಅಷ್ಟರಲ್ಲಿ ಕಲ್ಯಾಣದಲ್ಲಿ ಬಿಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಕಳಚುರಿ ಬಿಜ್ಜಳ ಸಿಂಹಾಸನ ಹಿಡಿದಿದ್ದ. ನಾಲ್ಕನೆಯ ಸೋಮೇಶ್ವರ ಮತ್ತೆ ಎದ್ದು ನಿಲ್ಲಲು ನೋಡಿ ಆಗದೆ ಹೋದ. ಬಲ್ಲಾಳ ಚಾಲುಕ್ಯರ ಸೇನಾನಿ ಬ್ರಹ್ಮನನ್ನು ಸೋಲಿಸಿದ, ಸೊರಟೂರಿನಲ್ಲಿ ಸೇವುಣ ಭಿಲ್ಲಮನನ್ನು ಬಗ್ಗುಬಡಿದ, 1192ರ ಹೊತ್ತಿಗೆ ಚಕ್ರವರ್ತಿಯ ಬಿರುದು ಧರಿಸಿದ. ಶಾಸನದ ಆರಂಭದಲ್ಲಿ ಇನ್ನು ಬೇರೆಯವರ ಹೆಸರಿಲ್ಲ.

ಇದಾದ ಮೇಲೆ ಏನಾಯಿತು ಎಂಬುದರತ್ತ ನಮ್ಮ ಶಾಲಾಪುಸ್ತಕಗಳು ಹೋಗುವುದಿಲ್ಲ. ಬಲ್ಲಾಳ ಗೆದ್ದ ಗದಗ, ಲಕ್ಕುಂಡಿಗಳ ಕಡೆಯ ನೆಲ ಕೆಲವೇ ದಶಕಗಳಲ್ಲಿ ಸೇವುಣ ಸಿಂಘಣನ ಪಾಲಾಯಿತು. ಮೊದಲು ಒಂದೇ ಚಕ್ರವರ್ತಿಯ ಎರಡು ಸಾಮಂತ ಸೀಮೆಗಳ ನಡುವೆ ಇದ್ದ ಗೆರೆ ಈಗ ಎರಡು ದೇಶಗಳ ಗಡಿಯಾಯಿತು. ಆ ಗಡಿಯಲ್ಲಿ ಸತ್ತವರ ವೀರಗಲ್ಲುಗಳು ಉತ್ತರ ಕರ್ನಾಟಕದ ಊರೂರಿನಲ್ಲಿ ನಿಂತವು. ದೇವಗಿರಿಯ ಸೇವುಣರು, ಓರುಗಲ್ಲಿನ ಕಾಕತೀಯರು, ದೋರಸಮುದ್ರದ (ಇಂದಿನ ಹಳೇಬೀಡಿನ) ಹೊಯ್ಸಳರು, ಮೂವರೂ ಹಿಂದೆ ಕಲ್ಯಾಣದ ಸಾಮಂತರೇ. ಮೂವರೂ ಕೆಲವೇ ದಶಕಗಳ ಅಂತರದಲ್ಲಿ ಹೊರಬಂದರು. ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ಬಂದಾಗ ಮೂವರನ್ನೂ ಒಬ್ಬೊಬ್ಬರನ್ನಾಗಿ ಹಿಡಿದ. 1311ರಲ್ಲಿ ಅವನು ದೋರಸಮುದ್ರಕ್ಕೆ ನುಗ್ಗಿದಾಗ ಮುಮ್ಮಡಿ ಬಲ್ಲಾಳ ಪಾಂಡ್ಯರ ಜಗಳದಲ್ಲಿ ಕೈಹಾಕಲು ದಕ್ಷಿಣಕ್ಕೆ ಹೋಗಿದ್ದ. ಕಾಫರನಿಗೆ ಸಾಮಗ್ರಿ ಒದಗಿಸಿ ದಾರಿ ತೋರಿಸಿದವರು ಆಗಲೇ ಸೋತು ಕಪ್ಪ ಕೊಡುತ್ತಿದ್ದ ದೇವಗಿರಿಯವರು. ಕಲ್ಯಾಣ ಉಳಿದಿದ್ದರೆ ದೆಹಲಿಯ ಪಡೆ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ನಡುವೆ ನೂರು ವರ್ಷಕ್ಕೂ ಮಿಕ್ಕಿದ ಅಂತರವಿದೆ. ಬೇರೆಯಾಗುವವರು ತಮ್ಮ ಲೆಕ್ಕದಲ್ಲಿ ಹಿಂದಿನ ಒಡೆಯನನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಪಕ್ಕದಲ್ಲಿ ಹೊಸದಾಗಿ ಹುಟ್ಟುವ ದೇಶಗಳನ್ನು ಇಟ್ಟುಕೊಳ್ಳುವುದಿಲ್ಲ ಎಂಬಷ್ಟನ್ನು ಹೇಳುತ್ತೇನೆ.

ಅರಸೀಕೆರೆಯವರು ಇಷ್ಟು ಹೊತ್ತು ತಾಳ್ಮೆಯಿಂದ ಕೂತಿದ್ದೀರಿ, ನಿಮ್ಮೂರಿಗೆ ಬರುತ್ತೇನೆ. ಇಲ್ಲಿಯ ಶಿವಾಲಯ, ಆ ವೃತ್ತಾಕಾರದ ತೆರೆದ ಮುಖಮಂಟಪದ ಗುಡಿ, 1220ರ ಸುಮಾರಿನದು. ಸಹಸ್ರಕೂಟ ಜಿನಾಲಯವೂ ಅದೇ ಕಾಲದ್ದು. ಅದನ್ನು ಕಟ್ಟಿಸಿದ ರೇಚರಸ ಮೊದಲು ಕಳಚುರಿಗಳ ಬಳಿ ಅಧಿಕಾರದಲ್ಲಿದ್ದವನು. ಆ ರಾಜ್ಯ ಬಿದ್ದ ಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದ. ಅರಸೀಕೆರೆ ಆಗ ವರ್ತಕರ ಪಟ್ಟಣ. ಆ ವರ್ತಕರ ದೊಡ್ಡ ಕೂಟ ಅಯ್ಯಾವೊಳೆ ಐನೂರ್ವರು. ಮೂಲ ಐಹೊಳೆ, ಅಂದರೆ ಚಾಲುಕ್ಯರ ನೆಲ. ದೋರಸಮುದ್ರ ಸ್ವತಂತ್ರವಾದ ಮೇಲೂ ಅವರ ವ್ಯವಹಾರ ನಿಲ್ಲಲಿಲ್ಲ. ತಮಿಳು ನೆಲ, ತೆಲುಗು ನೆಲ, ಮಲೆಯಾಳ ಎಲ್ಲ ಕಡೆ ಅವರ ಶಾಸನಗಳಿವೆ. ದೊರೆಗಳ ಕೂಟ ಮುರಿದರೂ ಸೆಟ್ಟಿಗಳ ಕೂಟ ಉಳಿಯಿತು. ಅಂದಿನ ರಾಜ್ಯ ಸುಂಕದಕಟ್ಟೆಯಲ್ಲಿ ಹಣ ವಸೂಲಿ ಮಾಡಿ ದಾರಿ ಬಿಡುತ್ತಿತ್ತು. ಇಂದಿನ ರಾಜ್ಯಕ್ಕೆ ಜಿಎಸ್‌ಟಿ, ಪರವಾನಗಿ, ಗುಣಮಟ್ಟದ ಪರೀಕ್ಷೆ, ಕರೆನ್ಸಿ ಎಲ್ಲವೂ ಬೇಕು; ಇಂದು ರಾಜ್ಯ ಒಡೆದರೆ ಮಾರುಕಟ್ಟೆ ಒಡೆಯದೆ ಉಳಿಯದು.

ಈ ಊರಿನ ಮಾರುಕಟ್ಟೆ ಎಂದರೆ ಕೊಬ್ಬರಿ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಕರಟ ಒಡೆದು, ಉಂಡೆ ಮುಕ್ಕಾಗದಂತೆ ತೆಗೆಯಬೇಕು. ಹೋಳಾದದ್ದು ಬೇರೆ ರಾಶಿ, ಕೌಟಾದದ್ದು ಬೇರೆ ರಾಶಿ, ದರವೂ ಬೇರೆ. ಕೇರಳದ ಕೊಬ್ಬರಿ ಬಹುಪಾಲು ಗಾಣಕ್ಕೆ ಹೋದರೆ ತಿಪಟೂರು, ಅರಸೀಕೆರೆ ಸೀಮೆಯ ಉಂಡೆ ತಿನ್ನುವುದಕ್ಕೆಂದೇ ಉತ್ತರಕ್ಕೆ ಹೋಗುತ್ತದೆ. ಅಲ್ಲಿನ ಮದುವೆ, ಹಬ್ಬ, ಚಳಿಗಾಲದ ಸಿಹಿ ಇವುಗಳನ್ನು ನೋಡಿಕೊಂಡು ಇಲ್ಲಿಯ ಮಂಡಿಯಲ್ಲಿ ಟೆಂಡರ್ ಏರುತ್ತದೆ, ಇಳಿಯುತ್ತದೆ. ನಮ್ಮ ತೆಂಗಿನ ತೋಟಕ್ಕೆ ನೀರು ಹೇಮಾವತಿಯದೋ ಬೋರ್‌ವೆಲ್ಲಿನದೋ ಇರಬಹುದು, ಅದರ ದುಡ್ಡು ಮಾತ್ರ ವಿಂಧ್ಯದಾಚೆಯದು.

ಜಂತರ್ ಮಂತರ್ ಧರಣಿಯ ಕಾಲಕ್ಕೆ ಮಂಡಿಯಲ್ಲಿ ಕೊಬ್ಬರಿ ಕ್ವಿಂಟಲಿಗೆ ಹತ್ತು ಸಾವಿರದ ಕೆಳಗಿತ್ತು. ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ 12,000. ರಾಜ್ಯ ಸರ್ಕಾರ ಅದರ ಮೇಲೆ 1,500 ಸೇರಿಸಿತು. ಖರೀದಿ ಮಾಡಬೇಕಾದದ್ದು ನಾಫೆಡ್, ಕೇಂದ್ರದ ಪರವಾಗಿ ಕೊಳ್ಳುವ ಸಹಕಾರ ಸಂಸ್ಥೆ. ಹೆಸರು ಬರೆಸಲು ಬೆಳೆಗಾರರು ರಾತ್ರಿಯೆಲ್ಲ ಸಾಲು ನಿಂತದ್ದನ್ನು ಈ ಸಭೆಯಲ್ಲಿ ಎಷ್ಟೋ ಮಂದಿ ಕಂಡಿದ್ದೀರಿ, ಕೆಲವರು ನಿಂತೂ ಇದ್ದಿರಿ. ದೆಹಲಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಆ ಸಾಲಿನಲ್ಲಿ ನಿಂತವನಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ಆದರೂ ಅವನು ಕೇಳಿದ್ದು ಇನ್ನಷ್ಟು ಕೊಳ್ಳಿ ಎಂದು.

ಕೂಟದೊಳಗೆ ಇರುವುದೂ ಸುಖವೇನಲ್ಲ. ಬೇಲೂರಿನ ಮಲೆನಾಡು ಕಡೆಯ ಕಾಫಿ, ಮೆಣಸಿನವರನ್ನು ಕೇಳಿ. ಶ್ರೀಲಂಕಾದ ಜೊತೆ 1998ರಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಆ ದಾರಿಯಲ್ಲಿ ವಿಯೆಟ್ನಾಮಿನ ಮೆಣಸು ನುಗ್ಗಿತು ಎಂದು ಬೆಳೆಗಾರರು ವರ್ಷಗಟ್ಟಲೆ ಕೂಗಿದ ಮೇಲೆ, 2017ರ ಡಿಸೆಂಬರಿನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಸಹಿ ಹಾಕುವಾಗ ಬಿಕ್ಕೋಡಿನ ಮೆಣಸು ಬೆಳೆಗಾರರನ್ನು ಯಾರೂ ಕೇಳಿರಲಿಲ್ಲ. 2019ರಲ್ಲಿ ಏಷ್ಯಾದ ದೊಡ್ಡ ವ್ಯಾಪಾರ ಕೂಟ ಆರ್‌ಸಿಇಪಿಗೆ ಭಾರತ ಸೇರುತ್ತದೆ ಎಂದಾಗ ಹಾಲು ಹಾಕುವ ಮನೆಗಳಲ್ಲಿ ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯ ಹಬ್ಬಿತು. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು. ಹೀಗೆ ಬೇಡವೆಂದು ಎದ್ದು ಬರಲು ಆದದ್ದು ಕೈಯಲ್ಲಿ ನೂರಾಮೂವತ್ತು ಕೋಟಿ ಜನರ ಮಾರುಕಟ್ಟೆ ಇದ್ದದ್ದರಿಂದ. ಒಂದೇ ರಾಜ್ಯದ ಮಾರುಕಟ್ಟೆ ಹಿಡಿದು ಹೋಗಿದ್ದರೆ ಆ ಮೇಜಿನಲ್ಲಿ ನಮಗೆ ಕುರ್ಚಿ ಎಲ್ಲಿತ್ತು?

ಐರೋಪ್ಯ ಒಕ್ಕೂಟ ಬಿಟ್ಟ ಬ್ರಿಟನ್ನಿನ ಕಥೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. 2016ರ ಜೂನ್ 23ರಂದು ಶೇ 51.9 ಮಂದಿ ಹೊರಗೆ ಹೋಗೋಣ ಎಂದರು, ಹೊರಬಿದ್ದದ್ದು 2020ರ ಜನವರಿ 31ಕ್ಕೆ. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೇ. ಸ್ಕಾಟ್ಲೆಂಡಿನ ಶೇ 62 ಮಂದಿ ಇರೋಣ ಎಂದಿದ್ದರು. ದೊಡ್ಡ ಕೂಟವನ್ನು ಬಿಡುವವರ ಮನೆಯಲ್ಲೇ ಅವರನ್ನು ಬಿಡಬೇಕೆನ್ನುವವರು ಇರುತ್ತಾರೆ.

ನಮ್ಮ ಮನೆಯಲ್ಲೂ ಈ ಮಾತು ಒಮ್ಮೆ ನಡೆದಿದೆ. 1956ಕ್ಕೆ ಮೊದಲು, ಕರ್ನಾಟಕದ ಏಕೀಕರಣ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ, ಹಳೇ ಮೈಸೂರಿನ ಅನೇಕ ಹಿರಿಯರು ಬೇಡ ಎಂದರು. ಜೋಗದ ವಿದ್ಯುತ್ತು ನಮ್ಮದು, ಕನ್ನಂಬಾಡಿ ನಮ್ಮದು, ಭದ್ರಾವತಿ ಕಾರ್ಖಾನೆ ನಮ್ಮದು. ಹಿಂದುಳಿದ ಉತ್ತರದ ಜಿಲ್ಲೆಗಳಿಗೆ ನಮ್ಮ ಬೊಕ್ಕಸ ಯಾಕೆ ಬರಿದಾಗಬೇಕು? ಆ ಲೆಕ್ಕದ ಹಿಂದೆ ಯಾವ ಜಾತಿಯ ಕೈ ಮೇಲಾದೀತು ಎಂಬ ಇನ್ನೊಂದು ಲೆಕ್ಕವೂ ಇತ್ತು. ಅದನ್ನು ವೇದಿಕೆಯ ಮೇಲೆ ಹೇಳುತ್ತಿದ್ದವರು ಕಡಿಮೆ. ಕೆಂಗಲ್ ಹನುಮಂತಯ್ಯನವರು, ಕುವೆಂಪು ಅವರು ಏಕೀಕರಣದ ಪರ ನಿಂತರು. ಅಂದು ಹಾಸನ ಜಿಲ್ಲೆಯ ಯಜಮಾನರು ಧಾರವಾಡ, ರಾಯಚೂರು ಕಡೆಯವರ ಬಗ್ಗೆ ಆಡಿದ ಮಾತನ್ನೂ ಇಂದು ನಾವು ಬಿಹಾರ, ಉತ್ತರ ಪ್ರದೇಶದ ಬಗ್ಗೆ ಆಡುವ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರಿನ ಹೆಸರು ಬಿಟ್ಟರೆ ಬದಲಾದದ್ದು ಕಾಣದು.

ಇನ್ನು ಬೆಂಗಳೂರಿನವರು ಅದೇ ಮಾತನ್ನು ಹಾಸನದ ಬಗ್ಗೆ ಆಡಿದರೆ? ರಾಜ್ಯದ ಉತ್ಪನ್ನದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆ ಒಂದರದೇ. ನನ್ನ ತೆರಿಗೆ ನನ್ನ ಹಕ್ಕು ಎಂದು ವೈಟ್‌ಫೀಲ್ಡಿನವರು ಕೂಗಿದರೆ ಅರಸೀಕೆರೆಯ ಆಸ್ಪತ್ರೆಗೆ ಔಷಧ ಎಲ್ಲಿಂದ ಬರಬೇಕು? ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಇದ್ದವರಿಂದ ತೆಗೆದು ಇಲ್ಲದವರಿಗೆ ಕೊಡುವ ತತ್ವವನ್ನು ಆ ತಾಲ್ಲೂಕುಗಳಿಗೆ ನಾವು ಒಪ್ಪಿದ್ದೇವೆ. ತತ್ವವನ್ನು ವಿಧಾನಸೌಧದಲ್ಲಿ ಒಪ್ಪಿ ದೆಹಲಿಯಲ್ಲಿ ಒಪ್ಪುವುದಿಲ್ಲ ಎಂದರೆ ನಮ್ಮ ವಾದ ನಿಲ್ಲುವುದಿಲ್ಲ. ಎಷ್ಟು ತೆಗೆಯಬೇಕು, ಯಾರು ಅಳೆಯಬೇಕು, ಆಯೋಗವೇ ಕೊಡಿ ಎಂದ 5,495 ಕೋಟಿಯನ್ನು ತಡೆಯಲು ಯಾರಿಗೆ ಹಕ್ಕು, ಸೆಸ್ಸಿನ ಹೆಸರಿನಲ್ಲಿ ಹಂಚಿಕೆ ತಪ್ಪಿಸುವುದು ಎಲ್ಲಿಯವರೆಗೆ, ಈ ನಾಲ್ಕು ಮಾತಿಗೆ ನಮ್ಮ ಜಗಳ ಗಟ್ಟಿಯಾಗಿ ನಿಲ್ಲುತ್ತದೆ. ಪ್ರತ್ಯೇಕ ರಾಷ್ಟ್ರ ಎಂದ ಕೂಡಲೇ ಈ ನಾಲ್ಕೂ ಪ್ರಶ್ನೆ ತೇಲಿಹೋಗಿ, ದೇಶಭಕ್ತಿಯ ಭಾಷಣ ಮಾಡುವ ಅವಕಾಶ ಎದುರಿನವರಿಗೆ ಸಿಗುತ್ತದೆ. 2024ರ ಫೆಬ್ರುವರಿಯಲ್ಲಿ ಆದದ್ದು ಅದೇ. ಸಂಸತ್ತಿನಲ್ಲಿ ನಮ್ಮ ತೆರಿಗೆ ಪಾಲಿನ ಶೇ 3.647ರ ಬಗ್ಗೆ ಉತ್ತರ ಕೊಡಬೇಕಾಗಿದ್ದವರು ಅಖಂಡತೆಯ ಬಗ್ಗೆ ಮಾತಾಡಿ ಕೂತರು.

ಇನ್ನೊಂದು ಕೆಲಸ ಇಲ್ಲೇ ಇದೆ, ದೆಹಲಿಗೆ ರೈಲು ಹತ್ತಬೇಕಾಗಿಲ್ಲ. ಕೇಂದ್ರದಲ್ಲಿ ಹಣಕಾಸು ಆಯೋಗ ಇರುವ ಹಾಗೆ ರಾಜ್ಯದಲ್ಲೂ ಒಂದಿದೆ. ಐದನೆಯ ರಾಜ್ಯ ಹಣಕಾಸು ಆಯೋಗವನ್ನು ಸಿ. ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚಿಸಲಾಯಿತು. ರಾಜ್ಯದ ಬೊಕ್ಕಸದಿಂದ ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ ಎಷ್ಟು ಹೋಗಬೇಕು ಎಂದು ಹೇಳುವುದು ಅದರ ಕೆಲಸ. ಆಯೋಗದ ಶಿಫಾರಸನ್ನು ಸರ್ಕಾರ ಪೂರ್ತಿ ಒಪ್ಪದಿದ್ದರೆ ಬೆಂಗಳೂರಿಗೂ ದೆಹಲಿಗೂ ವ್ಯತ್ಯಾಸ ಏನು ಎಂದು ನಿಮ್ಮ ಶಾಸಕರನ್ನು ಕೇಳಿ. ಇಲ್ಲಿ ಪಂಚಾಯಿತಿ ಸದಸ್ಯರೂ ಕೆಲವರು ಕೂತಿದ್ದೀರಿ. ನಿಮ್ಮ ಪಂಚಾಯಿತಿಗೆ ಕಳೆದ ವರ್ಷ ಎಷ್ಟು ಬಂತು, ಎಷ್ಟು ಬರಬೇಕಿತ್ತು ಎಂಬುದು ನಿಮಗೆ ಗೊತ್ತಿದ್ದರೆ ಆ ಲೆಕ್ಕದಿಂದಲೇ ಪ್ರಶ್ನೋತ್ತರ ಶುರುಮಾಡೋಣ.